ಸಾಂಬಾ ಸರ್ವರ್ ಕ್ರ್ಯಾಶ್ ಆಗುತ್ತಿದೆ, ಅನುಭವ ಇದ್ದವರು ಹೇಳಿ

ದಾವಣಗೆರೆ ಸ್ಟುಡಿಯೊ:
ಮದುವೆ ಫೋಟೊ ಸ್ಟುಡಿಯೊ ನಮ್ಮದು. ಸರ್ವರ್‌ನಲ್ಲಿ ಡೆಬಿಯನ್ 11 ಲಿನಕ್ಸ್, ಎಲ್ಲರೂ ಫೈಲ್ ಹಂಚಿಕೊಳ್ಳಲು ಸಾಂಬಾ 4.13. ಮೂರು ಮ್ಯಾಕ್, ಎರಡು ವಿಂಡೋಸ್. ಒಂದು ಮ್ಯಾಕ್‌ನಿಂದ ದೊಡ್ಡ ಫೋಲ್ಡರ್ ಹಾಕುವಾಗ ಮಾತ್ರ ಕನೆಕ್ಷನ್ ಹೋಗುತ್ತದೆ. ಉಳಿದವರ ಕೆಲಸ ನಡೆಯುತ್ತಲೇ ಇರುತ್ತದೆ. ಲಾಗ್‌ನಲ್ಲಿ ‘ಇಂಟರ್ನಲ್ ಎರರ್: ಸಿಗ್ನಲ್ 11’, ಅಂದರೆ ಪ್ರೋಗ್ರಾಂ ತಪ್ಪು ಮೆಮೊರಿ ಮುಟ್ಟಿ ಬಿದ್ದಿದೆ. ಎಲ್ಲಿಂದ ಹುಡುಕಲಿ? ಸೀಸನ್ ಶುರುವಾಗಿದೆ.

ಮೈಸೂರು ಪ್ರೆಸ್:
ರ‍್ಯಾಮ್ ನೋಡಿ. ಬೇರೆ ಏನೂ ಮುಟ್ಟಬೇಡಿ, ಮೊದಲು ರ‍್ಯಾಮ್. ನಾನು 11 ರಾತ್ರಿ ಹಾಳು ಮಾಡಿಕೊಂಡೆ. ಸಾಂಬಾ ತೆಗೆದು ಮತ್ತೆ ಹಾಕಿದೆ. ಕೇಬಲ್ ಬದಲಿಸಿದೆ, ₹1,400. ಸ್ವಿಚ್ ಬದಲಿಸಿದೆ, ₹3,850. ಅಷ್ಟರಲ್ಲಿ ಒಂದು ಪಿಡಿಎಫ್ ಕೆಟ್ಟು 2,000 ಗೃಹಪ್ರವೇಶದ ಕಾರ್ಡ್ ಮತ್ತೆ ಅಚ್ಚು ಹಾಕಬೇಕಾಯಿತು. ಕಾಗದ ನನ್ನ ತಲೆ ಮೇಲೆ. ಕೊನೆಗೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಹಚ್ಚಿ ಅಲ್ಲೇ ಬೆಂಚಿನ ಮೇಲೆ ಮಲಗಿದೆ. ಎರಡು ಸುತ್ತು ಏನೂ ಇಲ್ಲ. ಮೂರನೇ ಸುತ್ತಿನಲ್ಲಿ ಕೆಂಪು ಸಾಲು. ಬೆಳಗಿನ ಜಾವ ಐದು ಗಂಟೆ, ಕಣ್ಣಲ್ಲಿ ನೀರು ಬಂತು. ಈಗ ಸಣ್ಣ ತಪ್ಪನ್ನು ತಾನೇ ತಿದ್ದುವ ಇಸಿಸಿ ರ‍್ಯಾಮ್, ಅದಕ್ಕೊಪ್ಪುವ ಬೋರ್ಡ್, ಎಲ್ಲ ಸೇರಿ ₹41,000. ಆಮೇಲೆ ಒಂದು ಸಲವೂ ಬಿದ್ದಿಲ್ಲ.

ಶಿವಮೊಗ್ಗ ಅಡ್ಮಿನ್:
ಪ್ರೆಸ್‌ನವರೇ, ಸುಮ್ನೆ ಹೆದರಿಸಬೇಡಿ. ರ‍್ಯಾಮ್ ಕೆಟ್ಟಿದ್ದರೆ ಬ್ಯಾಕ್‌ಟ್ರೇಸ್ (ಕ್ರ್ಯಾಶ್ ಆದಾಗ ಪ್ರೋಗ್ರಾಂ ಎಲ್ಲಿತ್ತು ಅನ್ನುವ ಪಟ್ಟಿ) ದಿನಕ್ಕೊಂದು ಜಾಗ ತೋರಿಸುತ್ತದೆ. ನನ್ನದು ಪ್ರತಿ ಸಲ ಮ್ಯಾಕ್‌ಗಳಿಗಾಗಿ ಸಾಂಬಾದಲ್ಲಿರುವ ಫ್ರೂಟ್ ಮಾಡ್ಯೂಲ್ ಒಳಗೇ ನಿಲ್ಲುತ್ತಿತ್ತು. ಅದು ಗೊತ್ತಾಗುವ ಮೊದಲು ಮೂರು ದಿನ ಹೋಯಿತು. ಕೋಡ್‌ನ ಹೆಸರು ತೋರಿಸುವ ಡೀಬಗ್ ಸಿಂಬಲ್ ಪ್ಯಾಕೇಜ್ ಹಾಕಿರಲಿಲ್ಲ, ಕ್ರ್ಯಾಶ್ ಹುಡುಕುವ ಜಿಡಿಬಿ ಬರೀ ಪ್ರಶ್ನಾರ್ಥಕ ಚಿಹ್ನೆ ಕೊಡುತ್ತಿತ್ತು. ಎಲ್ಲ ವಿವರ ಬರಲಿ ಅಂತ ಲಾಗ್ ಲೆವೆಲ್ 10 ಇಟ್ಟೆ. ಮ್ಯಾಕ್ಸ್ ಲಾಗ್ ಸೈಜ್ ಮುಟ್ಟಿರಲಿಲ್ಲ, ಡಿಫಾಲ್ಟ್ 5000 ಕೆಬಿ. ಅದು ನಿಮಿಷಗಳಲ್ಲಿ ತುಂಬಿ ಹಳೆಯದರ ಮೇಲೆ ಹೊಸದು ಬಿತ್ತು, ಕ್ರ್ಯಾಶ್ ಆದ ಸಾಲೇ ಇಲ್ಲ. ಮಿತಿಯನ್ನು 0 ಮಾಡಿದೆ, ಅಂದರೆ ಮಿತಿಯೇ ಇಲ್ಲ. ಬೆಳಗ್ಗೆ ರೂಟ್ ಡಿಸ್ಕ್ ಪೂರ್ತಿ ತುಂಬಿ ಎಲ್ಲರ ಕೆಲಸವೂ ನಿಂತಿತ್ತು. ಆ ದಿನ ಬೈಸಿಕೊಂಡಿದ್ದು ಇವತ್ತಿಗೂ ಮರೆತಿಲ್ಲ. ಕೊನೆಗೆ ಹೊಸ ಆವೃತ್ತಿ ಹಾಕಿದೆ, ನಿಂತಿತು. 2022ರ ಜನವರಿಯಲ್ಲಿ ಇದೇ ಮಾಡ್ಯೂಲ್‌ನ ದೊಡ್ಡ ಭದ್ರತಾ ತೂತು ಮುಚ್ಚಿದ್ದು 4.13.17ರಲ್ಲಿ. ಅದಕ್ಕಿಂತ ಹಳೆಯದು ಇಟ್ಟುಕೊಳ್ಳುವುದೇ ತಪ್ಪು.

ಬೆಂಗಳೂರು ಡೆಬಿಯನ್:
ಇದು ಸರಿಯಲ್ಲ. ಡೆಬಿಯನ್ ನಂಬರ್ ಬದಲಿಸದೆ ಹಳೆಯ ಆವೃತ್ತಿಗೇ ತೇಪೆ ಹಾಕುತ್ತದೆ. 4.13.13 ಅಂತ ಕಂಡ ಮಾತ್ರಕ್ಕೆ ತೂತು ತೆರೆದೇ ಇದೆ ಅನ್ನಬೇಡಿ. ಕೊನೆಯಲ್ಲಿರುವ, ಡೆಬಿಯನ್‌ನ ತೇಪೆ ತೋರಿಸುವ ‘ಡೆಬ್11ಯು’ ನಂಬರ್ ನೋಡಿ, ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ಓದಿ. ನಿಮ್ಮಂಥವರ ಮಾತು ಕೇಳಿ ನಮ್ಮಲ್ಲೊಬ್ಬರು ಹೊರಗಿನ ಪ್ಯಾಕೇಜ್ ಹಾಕಿದರು. ಪಾಸ್‌ವರ್ಡ್ ಇರುವ ಟಿಡಿಬಿ ಫೈಲ್‌ಗಳ ಬ್ಯಾಕಪ್ ಇರಲಿಲ್ಲ. 34 ಜನರ ಪಾಸ್‌ವರ್ಡ್ ನಾನು ಒಬ್ಬನೇ ಕೂತು ಮತ್ತೆ ಹಾಕಿದ್ದೇನೆ, ಭಾನುವಾರ.

ಶಿವಮೊಗ್ಗ ಅಡ್ಮಿನ್:
ಬ್ಯಾಕಪ್ ಇಲ್ಲದ್ದು ನಿಮ್ಮ ತಪ್ಪು, ನನ್ನದಲ್ಲ. ತೇಪೆ ಹೆಚ್ಚಾಗಿ ಭದ್ರತೆಯ ತೂತಿಗೆ ಬರುತ್ತದೆ. ಸಣ್ಣಪುಟ್ಟ ಕ್ರ್ಯಾಶ್‌ಗೆಲ್ಲ ಹಿಂದಕ್ಕೆ ಬರಲ್ಲ.

ಹುಬ್ಬಳ್ಳಿ ಡಿಸೈನ್:
ನಾನು ಇದೆಲ್ಲ ಬಿಟ್ಟು ರೆಡಿಮೇಡ್ ಫೈಲ್ ಸರ್ವರ್ ಡಬ್ಬಿ ತಗೊಂಡೆ. ₹58,000, ಡಿಸ್ಕ್‌ಗೆ ಬೇರೆ ₹36,000. ದುಬಾರಿ ಹೌದು. ಆದರೆ ರಾತ್ರಿ ಮನೆಗೆ ಹೋಗಿ ಮಕ್ಕಳ ಜೊತೆ ಊಟ ಮಾಡುತ್ತೇನೆ.

ಬೆಂಗಳೂರು ಡೆಬಿಯನ್:
ಅಂಥ ಡಬ್ಬಿಗಳ ಒಳಗೂ ಹೆಚ್ಚಾಗಿ ಸಾಂಬಾನೇ ಇರೋದು. ಕಂಪನಿ ಅಪ್‌ಡೇಟ್ ನಿಲ್ಲಿಸಿದರೆ ಏನು ಮಾಡುತ್ತೀರಿ?

ಹುಬ್ಬಳ್ಳಿ ಡಿಸೈನ್:
ಆಗ ಬೇರೆ ತಗೋತೀನಿ. ನನ್ನ ದುಡ್ಡು, ನಿಮಗೇನು ಕಷ್ಟ?

ದಾವಣಗೆರೆ ಸ್ಟುಡಿಯೊ:
ಸರ್ವರ್‌ನ ರೂಟ್ ಖಾತೆಗೆ ಬಂದ ಮೇಲ್ ತೆರೆದು ನೋಡಿದೆ. ಕ್ರ್ಯಾಶ್ ಆದಾಗ ಸಾಂಬಾ ಓಡಿಸುವ ಪ್ಯಾನಿಕ್ ಆ್ಯಕ್ಷನ್ ಕಳಿಸಿದ 23 ಮೇಲ್ ಕೂತಿವೆ. ಜಿಡಿಬಿ ಹಾಕಿರಲಿಲ್ಲ, ಹಾಗಾಗಿ ಒಂದರಲ್ಲೂ ಬ್ಯಾಕ್‌ಟ್ರೇಸ್ ಇಲ್ಲ. ಈಗ ಜಿಡಿಬಿ, ಸಿಂಬಲ್ ಎರಡೂ ಹಾಕಿದೆ. ನಾಳೆ ಆ ಮ್ಯಾಕ್‌ನಿಂದಲೇ 80 ಜಿಬಿ ಫೋಲ್ಡರ್ ಹಾಕಿ ನೋಡುತ್ತೇನೆ.

ಮೈಸೂರು ಪ್ರೆಸ್:
ಹಾಕಿ. ಆದರೆ ಇವತ್ತು ರಾತ್ರಿ ಮೆಮ್‌ಟೆಸ್ಟ್ ಹಚ್ಚಿ, ಮೂರು ಸುತ್ತಿಗೆ ಕಡಿಮೆ ಬೇಡ. ಅಡ್ಮಿನ್ ಅವರೇ, ಹೆದರಿಸುತ್ತೇನೆ ಅಂದಿರಲ್ಲ, ಆ 2,000 ಕಾರ್ಡ್ ಇನ್ನೂ ನಮ್ಮ ಗೋಡೌನ್‌ನಲ್ಲಿವೆ. ಬಂದು ನೋಡಿ.