ಸಹಾಯ ಬೇಕು: ದರೋಜಿ ಕರಡಿ ಫೋಟೋದಲ್ಲಿ ಬರೀ ಕಪ್ಪು ಮುದ್ದೆ

ನಮಸ್ಕಾರ, ನಾನು ಹೊಸಪೇಟೆಯವನು. ಮದುವೆ ಫೋಟೋ ಹೊಟ್ಟೆಪಾಡಿಗೆ, ಕಾಡು-ಬೆಟ್ಟದ ಫೋಟೋ ಹುಚ್ಚಿಗೆ. ಬಿಡುವಾದಾಗೆಲ್ಲ ದರೋಜಿ ಕರಡಿಧಾಮದ ವಾಚ್‌ಟವರ್‌ನಲ್ಲಿರುತ್ತೇನೆ.

ಕರಡಿಗಳು ಬಂಡೆಗಳ ಮೇಲೆ ಕಾಣಿಸೋದು ಮಧ್ಯಾಹ್ನ ಕಳೆದ ಮೇಲೆ. ಬಿಸಿಲು ಬಿದ್ದ ಬಂಡೆ ಬೆಳ್ಳಗೆ, ಕರಡಿ ಕಡುಗಪ್ಪು. ಕರಡಿ ಮೇಲೆ ಸ್ಪಾಟ್ ಮೀಟರಿಂಗ್ (ಒಂದು ಸಣ್ಣ ಜಾಗದ ಬೆಳಕಷ್ಟೇ ಅಳೆಯೋದು) ಇಟ್ಟರೆ ಅದು ಬೂದು ಬಣ್ಣಕ್ಕೆ ತಿರುಗುತ್ತದೆ, ಬಂಡೆ ಪೂರ್ತಿ ಬಿಳಿಚಿಕೊಳ್ಳುತ್ತದೆ. ಮ್ಯಾಟ್ರಿಕ್ಸ್ (ಇಡೀ ದೃಶ್ಯದ ಬೆಳಕು ಅಳೆಯೋದು) ಇಟ್ಟು ಬೆಳಕು ಮೈನಸ್ 1ಕ್ಕೆ ಇಳಿಸಿದರೆ ಬಂಡೆ ಚೆನ್ನಾಗಿ ಬರುತ್ತದೆ, ಆದರೆ ಕೂದಲು, ಕಣ್ಣು ಏನೂ ಕಾಣಲ್ಲ. ರಾ ಫೈಲ್‌ನಲ್ಲಿ ನೆರಳು ಎತ್ತಿದರೆ (ಕಪ್ಪು ಭಾಗ ಬೆಳಗಿಸಿದರೆ) ಐಎಸ್‌ಒ 1600ರಲ್ಲೇ ನಾಯ್ಸ್ (ಕಾಳುಕಾಳು) ಜಾಸ್ತಿ. ಲೆನ್ಸ್ 150-600 ಎಂಎಂ, 600ರಲ್ಲಿ ಎಫ್ 6.3ಕ್ಕಿಂತ ಹೆಚ್ಚು ತೆರೆಯಲ್ಲ, ಅಂದರೆ ಬೆಳಕು ಕಡಿಮೆ. (ಹೊಸ ಲೆನ್ಸ್ ತಗೊಳ್ಳಿ ಅನ್ನಬೇಡಿ, ಮನೇಲಿ ಸೇರಿಸಲ್ಲ!)

ಮ್ಯಾನ್ಯುಯಲ್‌ನಲ್ಲಿ ಎಕ್ಸ್‌ಪೋಷರ್ ಬಂಡೆಗೆ ಹೊಂದಿಸಬೇಕಾ, ಇಲ್ಲ ಕೂದಲಿಗೆ ಹೊಂದಿಸಿ ಬಂಡೆ ಕೈಬಿಡಬೇಕಾ? ದರೋಜಿಯಲ್ಲಿ ತೆಗೆದವರು ನಿಮ್ಮ ಸೆಟ್ಟಿಂಗ್ ಹೇಳ್ತೀರಾ?