ಬಣ್ಣ ಹೊಡೆಸೋ ಮುಂಚೆ ಗೋಡೆಯ ಬುಡ ನೋಡಿ

ಅಕ್ಕಾ, ಮಗಳ ಕೋಣೆ ಗೋಡೆ ತೇವ ಹಿಡಿದಿದೆ, ಮತ್ತೆ ಬಣ್ಣ ಹೊಡೆಸ್ತೀನಿ ಅಂದ್ರಲ್ಲ, ಸ್ವಲ್ಪ ತಡೆಯಿರಿ. ನಾವು ಎರಡು ಸಲ ಪುಟ್ಟಿ ಹಾಕಿಸಿ, ವಾಟರ್‌ಪ್ರೂಫ್ ಬಣ್ಣ ಬಳಿಸಿ ದುಡ್ಡು ಕಳ್ಕೊಂಡ್ವಿ. ತೇವ ಬರ್ತಾ ಇದ್ದದ್ದು ಹೊರಗಿನ ಲಾನಿಗೆ ಹಾಯಿಸೋ ನೀರಿನಿಂದ.

ಪುಣೆಗೆ ಬಂದು ರೋ ಹೌಸ್ ತಗೊಂಡಾಗ, ಮಕ್ಕಳು ಬರಿಗಾಲಲ್ಲಿ ಓಡಾಡಲಿ ಅಂತ ಆಸೆಪಟ್ಟು ಹುಲ್ಲು ಹಾಕಿಸಿದ್ವಿ. ಹುಲ್ಲಿಗೆ ನೀರು ಚಿಮ್ಮಿಸೋ ಸ್ಪ್ರಿಂಕ್ಲರ್ ಗೋಡೆಯಿಂದ ಒಂದೇ ಅಡಿ ದೂರ. ಎರಡನೇ ವರ್ಷ ಮಗನ ಮಂಚದ ಹಿಂದೆ, ನೆಲದಿಂದ 2 ಅಡಿವರೆಗೆ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಬೆರಳಾಡಿಸಿದ್ರೆ ಉಪ್ಪಿನ ಬಿಳಿ ಪುಡಿ. ಕಪಾಟಿನ ಕೆಳಗಿದ್ದ ಸ್ಕೂಲ್ ಶೂಗೆಲ್ಲ ಬೂಷ್ಟು, ರಾತ್ರಿ ಮಗೂಗೆ ಕೆಮ್ಮು.

ಊರಿಂದ ಅಪ್ಪ ಬಂದರು. ನವಲಗುಂದದ ಎರಿ, ಅಂದ್ರೆ ಕಪ್ಪು ಮಣ್ಣಿನ ಹೊಲದಾಗ ದುಡಿದ ಜೀವ. ಉದ್ದನೇ ಸ್ಕ್ರೂಡ್ರೈವರ್ ತಗೊಂಡು ಗೋಡೆ ಬುಡದ ಮಣ್ಣಿಗೆ ಚುಚ್ಚಿದ್ರೆ ಹಿಡಿವರೆಗೂ ಇಳೀತು. 6 ಅಡಿ ಆಚೆ ಒಣ ಮಣ್ಣು, 2 ಇಂಚಿಗೇ ನಿಂತಿತು. "ಇಲ್ಲಿ ಕೆಳಗೂ ನಮ್ಮ ಎರಿ ಮಣ್ಣ ಐತಿ. ನೀರ ಕುಡದ್ರ ಉಬ್ಬತೈತಿ, ಒಣಗಿದ್ರ ಬಿರಿತೈತಿ. ಮನಿ ಸುಮ್ನ ಇರ್ತದೇನು?" ಅಂದರು. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟಿದ್ದ ಬಿರುಕು ಯಾಕೆ ಅಂತ ಆವತ್ತು ತಿಳೀತು. ಪುಣೆಯಲ್ಲಿ ಎಷ್ಟೋ ಕಡೆ ಮೇಲೆ ಎರೆಮಣ್ಣು, ಅದರಡಿ ಮುರುಮ್ ಅನ್ನೋ ಗರಸು, ಆಮೇಲೆ ಕಪ್ಪು ಬಂಡೆ. ಸುರಿದ ನೀರು ಬೇಗ ಕೆಳಗಿಳಿಯಲ್ಲ. ಮಳೆ ನಾಲ್ಕು ತಿಂಗಳು ಬಂದು ಹೋಗುತ್ತೆ, ಲಾನಿನ ನೀರು ದಿನಾ ಅದೇ ಗೋಡೆಯ ಬುಡಕ್ಕೆ ಬೀಳುತ್ತೆ.

ಇನ್ನೊಂದು ದೊಡ್ಡ ತಪ್ಪಾಗಿತ್ತು. ಹುಲ್ಲಿಗೆ ಅಂತ ತೋಟದ ಮಾಳಿ ಕೆಂಪು ಮಣ್ಣು ಏರಿಸಿದ್ದು ಪ್ಲಿಂತ್, ಅಂದ್ರೆ ಮನೆ ನಿಂತಿರೋ ಕಟ್ಟೆಯ ಮಟ್ಟ, ದಾಟಿತ್ತು. ಪ್ಲಿಂತ್ ಮಟ್ಟದಲ್ಲಿ ತೇವ ಮೇಲೇರದ ಹಾಗೆ ಡಿಪಿಸಿ ಅನ್ನೋ ಪದರ ಹಾಕಿರ್ತಾರೆ. ಮಣ್ಣು ಅದಕ್ಕಿಂತ ಮೇಲಿದ್ರೆ ಪದರ ಇದ್ದೂ ಇಲ್ಲದ ಹಾಗೆ. ಇಟ್ಟಿಗೆ ದೀಪದ ಬತ್ತಿ ಥರ ನೀರು ಹೀರುತ್ತೆ. ಮಣ್ಣು ಆ ಪದರಕ್ಕಿಂತ ಕನಿಷ್ಠ 6 ಇಂಚು ಕೆಳಗಿರಬೇಕು.

ಮಣ್ಣು ತೆಗೆಸಿ, ಗೋಡೆ ಸುತ್ತ 2 ಅಡಿ ಅಗಲ ಕಾಂಕ್ರೀಟ್ ಪಟ್ಟಿ ಹಾಕಿಸಿದ್ವಿ, ಹೊರಗೆ ಇಳಿಜಾರಾಗಿ. ಅಲ್ಲಿಂದಾಚೆ ಹುಲ್ಲಿನ ನೆಲಕ್ಕೂ 10 ಅಡಿಗೆ 6 ಇಂಚು ಇಳಿಜಾರು. ಸ್ಪ್ರಿಂಕ್ಲರ್ ದೂರ ಸರಿಸಿ, ಗೋಡೆಗೆ ಬೆನ್ನು ಹಾಕಿ ಅರ್ಧ ವೃತ್ತ ಮಾತ್ರ ಚಿಮ್ಮೋ ತಲೆ ಹಾಕಿದ್ವಿ. ದಿನಾ ಚಿಮುಕಿಸೋ ಬದಲು ಈಗ ವಾರಕ್ಕೆ ಎರಡು ಸಲ, ಬೆಳಗ್ಗೆ, ಚೆನ್ನಾಗಿ ನೆನೆಯೋ ಹಾಗೆ. ಮಳೆಗಾಲದಲ್ಲಿ ಬಂದ್. ಆದರೆ ಏಪ್ರಿಲ್-ಮೇ ಬಿಸಿಲಲ್ಲಿ ಏಕಾಏಕಿ ನಿಲ್ಲಿಸಬೇಡಿ, ಎರೆಮಣ್ಣು ಒಮ್ಮೆಲೇ ಕುಗ್ಗಿದ್ರೂ ಬಿರುಕು ಬಿಡುತ್ತೆ. ನಿಧಾನಕ್ಕೆ ಕಡಿಮೆ ಮಾಡಿ. ತಾರಸಿಯ ಪೈಪ್ ಗೋಡೆ ಬುಡದಲ್ಲೇ ಸುರೀತಿದ್ರೆ ಅದನ್ನೂ ಉದ್ದ ಮಾಡಿಸಿ.

ಒಳಗೆ ಉಪ್ಪು ಕೆರೆದು, ಒಂದು ಬೇಸಿಗೆ ಪೂರ್ತಿ ಗೋಡೆ ಒಣಗೋಕೆ ಬಿಟ್ಟೇ ಬಣ್ಣ ಹೊಡೆಸಿದ್ದು. ಅಲ್ಲಿವರೆಗೂ ಮಗನನ್ನ ನಮ್ಮ ಕೋಣೇಲೇ ಮಲಗಿಸಿಕೊಂಡ್ವಿ. ನೀವೂ ಮಗಳ ಮಂಚ ಇವತ್ತೇ ಆ ಗೋಡೆಯಿಂದ ಸರಿಸಿ ಅಕ್ಕಾ. ಬಿರುಕಿದ್ರೆ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಡಿ. ಗೆರೆ ದಾಟಿತು ಅಂದ್ರೆ ಮೇಸ್ತ್ರಿಯನ್ನಲ್ಲ, ಸ್ಟ್ರಕ್ಚರಲ್ ಇಂಜಿನಿಯರನ್ನೇ ಕರೆಸಿ.