ಡ್ರ್ಯಾಗನ್ ಕೂಡಿಟ್ಟ ಚಿನ್ನವನ್ನು ಹಂಚಿದರೆ ರಾಜ್ಯದ ಗತಿ ಏನು?

ಪ್ರಶ್ನೆ

ಮಧ್ಯಯುಗದ ಯುರೋಪನ್ನು ಹೋಲುವ ಕಲ್ಪಿತ ರಾಜ್ಯವೊಂದರ ಬಗ್ಗೆ ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ರಾಜವಂಶ, ಯುದ್ಧ, ಮಂತ್ರವಿದ್ಯೆ ಎಲ್ಲವೂ ಒಂದು ಹದಕ್ಕೆ ಬಂದಿವೆ. ಆದರೆ ಕರಡು ಓದಿದ ಗೆಳೆಯರೊಬ್ಬರು ಕೇಳಿದ ಮೂರು ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ರಾಜಧಾನಿ ಬೆಟ್ಟಗಳ ನಡುವೆ, ಹೊಲಗದ್ದೆಗಳ ಬಯಲಿನಿಂದ ಹತ್ತು ದಿನಗಳ ದಾರಿಯಲ್ಲಿದೆ. ಅಲ್ಲಿರುವ ಒಂದು ಲಕ್ಷ ಜನ ಏನು ತಿನ್ನುತ್ತಾರೆ? ಕಥಾನಾಯಕ ದಾರಿಬದಿಯ ತಂಗುಮನೆಯಲ್ಲಿ ಒಂದು ಊಟಕ್ಕೆ ಒಂದು ಚಿನ್ನದ ನಾಣ್ಯ ಕೊಡುತ್ತಾನೆ, ಅದು ನಂಬುವಂತಿದೆಯೇ? ಕೊನೆಯಲ್ಲಿ ಡ್ರ್ಯಾಗನ್ ಸತ್ತು, ಮುನ್ನೂರು ವರ್ಷಗಳಿಂದ ಅದು ಕೂಡಿಟ್ಟಿದ್ದ ಚಿನ್ನವನ್ನು ರಾಜ ಪ್ರಜೆಗಳಿಗೆಲ್ಲ ಹಂಚುತ್ತಾನೆ, ಎಲ್ಲರೂ ಸುಖವಾಗಿರುತ್ತಾರೆ, ಅದು ಸಾಧ್ಯವೇ? ಮಂತ್ರವಾದಿಗಳಿರುವ ಲೋಕಕ್ಕೆ ಇಂಥ ಲೆಕ್ಕ ಬೇಕಿಲ್ಲ ಎಂದು ವಾದಿಸಿ ನೋಡಿದೆ, ಆ ಮಾತು ನನಗೇ ಒಪ್ಪಿಗೆಯಾಗಲಿಲ್ಲ.

ಉತ್ತರ 1

ಚಿನ್ನವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಬಿತ್ತನೆ ಬೀಜದಿಂದ ಆರಂಭಿಸಿ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಒಂದು ಮೂಟೆ ಗೋಧಿ ಬಿತ್ತಿದರೆ ಸಾಮಾನ್ಯವಾಗಿ ಮೂರರಿಂದ ಐದು ಮೂಟೆ ಕೈಗೆ ಬರುತ್ತಿತ್ತು. ನಾಲ್ಕು ಎಂದು ಹಿಡಿದರೆ ಅದರಲ್ಲೊಂದು ಮುಂದಿನ ಬಿತ್ತನೆಗೆ ಮೀಸಲು. ಉಳಿದ ಮೂರರಲ್ಲೇ ಚರ್ಚಿಗೆ ಸಲ್ಲಬೇಕಾದ ರಾಶಿಯ ಹತ್ತನೇ ಒಂದು ಪಾಲು, ಒಡೆಯನ ಗೇಣಿ, ಒಕ್ಕಲು ಮನೆಯವರ ಹೊಟ್ಟೆ ಎಲ್ಲವೂ ತೂಗಬೇಕು. ಹವಾಮಾನ ಕೈಕೊಟ್ಟು ಬೆಳೆ ನಾಲ್ಕರಿಂದ ಮೂರಕ್ಕೆ ಇಳಿದರೆ ಕಣದಲ್ಲಿ ಕಾಲುಭಾಗ ಮಾತ್ರ ಕಡಿಮೆಯಾದಂತೆ ಕಾಣುತ್ತದೆ, ಆದರೆ ಬೀಜ ಕಳೆದ ಮೇಲೆ ಉಳಿಯುವುದು ಮೂರರ ಬದಲು ಎರಡೇ. 1315ರಲ್ಲಿ ಎಡೆಬಿಡದ ಮಳೆಯಿಂದ ಉತ್ತರ ಯುರೋಪಿನಲ್ಲಿ ಆರಂಭವಾದ ಮಹಾಕ್ಷಾಮ ಅಷ್ಟು ಭೀಕರವಾದುದರ ಹಿಂದೆ ಈ ಲೆಕ್ಕವೂ ಇದೆ. ನಿಮ್ಮ ಸೈನಿಕರು, ಸನ್ಯಾಸಿಗಳು, ಮಂತ್ರವಾದಿಗಳು ಎಲ್ಲರೂ ಬದುಕುವುದು ಆ ಮಿಕ್ಕ ಪಾಲಿನ ಮೇಲೆ.

ಇನ್ನು ರಾಜಧಾನಿ. ಒಬ್ಬರಿಗೆ ವರ್ಷಕ್ಕೆ ಸುಮಾರು 200 ಕಿಲೊ ಧಾನ್ಯವೆಂದರೂ ಒಂದು ಲಕ್ಷ ಜನರಿಗೆ 20,000 ಟನ್ ಬೇಕು. ಒಂದು ಕುದುರೆ 100 ಕಿಲೊ ಹೊರುವುದಾದರೆ ದಿನವೂ ಐನೂರೈವತ್ತು ಕುದುರೆಗಳು ಊರ ಬಾಗಿಲಿಗೆ ಬಂದು ಹೊರೆ ಇಳಿಸಬೇಕು. ಅವಕ್ಕೆ ದಿನಕ್ಕೆ 5 ಕಿಲೊ ಧಾನ್ಯ ತಿನ್ನಿಸಿದರೆ, ಹತ್ತು ದಿನ ಬಂದು ಹತ್ತು ದಿನ ಮರಳುವಷ್ಟರಲ್ಲಿ ಹೊತ್ತು ತಂದಷ್ಟನ್ನೂ ಅವೇ ತಿಂದು ಮುಗಿಸಿರುತ್ತವೆ. ದಾರಿಯಲ್ಲಿ ಹುಲ್ಲು ಮೇಯಿಸಿ ಸ್ವಲ್ಪ ಉಳಿಸಬಹುದು, ಅಷ್ಟೆ. ದೊಡ್ಡ ಊರುಗಳು ನದಿ ಅಥವಾ ಕಡಲನ್ನು ಅಂಟಿಕೊಂಡು ಬೆಳೆದದ್ದು ನೋಟ ಚೆನ್ನಾಗಿದೆಯೆಂದಲ್ಲ. ದೋಣಿ ಧಾನ್ಯ ತಿನ್ನುವುದಿಲ್ಲ.

ಉತ್ತರ 2

ನಾಣ್ಯದ ವಿಷಯ. ಹದಿಮೂರನೆಯ ಶತಮಾನದ ಇಂಗ್ಲೆಂಡಿನಲ್ಲಿ ಜನರ ಕೈಯಲ್ಲಿ ಓಡಾಡುತ್ತಿದ್ದುದು ಬೆಳ್ಳಿಯ ಪೆನ್ನಿ. ಹನ್ನೆರಡು ಪೆನ್ನಿಗೆ ಒಂದು ಶಿಲಿಂಗ್, 240 ಪೆನ್ನಿಗೆ ಒಂದು ಪೌಂಡ್ ಎಂದು ಎಣಿಸುತ್ತಿದ್ದರೂ ಆಗ ಶಿಲಿಂಗ್ ಆಗಲಿ ಪೌಂಡ್ ಆಗಲಿ ನಾಣ್ಯಗಳಾಗಿರಲಿಲ್ಲ, ಲೆಕ್ಕದ ಹೆಸರುಗಳಾಗಿದ್ದವು. ಫ್ಲಾರೆನ್ಸ್ ತನ್ನ ಚಿನ್ನದ ಫ್ಲಾರಿನ್ ಹೊರಡಿಸಿದ್ದು 1252ರಲ್ಲಿ. ಇಂಗ್ಲೆಂಡಿನಲ್ಲಿ 1344ರಲ್ಲಿ ಬಂದ ನೋಬಲ್ ಎಂಬ ಚಿನ್ನದ ನಾಣ್ಯದ ಬೆಲೆ 80 ಪೆನ್ನಿ. ಆಗಿನ ಸಾಧಾರಣ ಆಳಿನ ದಿನಗೂಲಿ ಒಂದೂವರೆಯಿಂದ ಎರಡು ಪೆನ್ನಿಯ ಆಸುಪಾಸಿನಲ್ಲಿತ್ತು. ಅಂದರೆ ನಿಮ್ಮ ನಾಯಕ ಒಂದು ಊಟಕ್ಕೆ ಕನಿಷ್ಠ ನಲವತ್ತು ದಿನಗಳ ಕೂಲಿ ಕೊಟ್ಟಿದ್ದಾನೆ. ತಂಗುಮನೆಯವನ ಬಳಿ ಚಿಲ್ಲರೆಯೂ ಇರಲಾರದು. ನಾಣ್ಯ ಕದ್ದದ್ದೆಂದು ಅವನು ಕಾವಲುಗಾರರಿಗೆ ಸುದ್ದಿ ಮುಟ್ಟಿಸಿದರೆ ಆ ದೃಶ್ಯ ಈಗಿರುವುದಕ್ಕಿಂತ ಚೆನ್ನಾಗಿಯೇ ಬಂದೀತು.

ಡ್ರ್ಯಾಗನ್ನಿನ ನಿಧಿಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹಂಚುವ ದಿನಕ್ಕಿಂತ ಹಿಂದಿನ ಮುನ್ನೂರು ವರ್ಷಗಳೇ ನಿಮ್ಮ ಕಥೆಗೆ ಹೆಚ್ಚು ಮುಖ್ಯ. ಅಷ್ಟು ಲೋಹ ಗುಹೆ ಸೇರಿದ್ದರೆ ರಾಜ್ಯದಲ್ಲಿ ನಾಣ್ಯದ ಬರವಿರಬೇಕು: ಸಂತೆಯಲ್ಲಿ ಸಾಲದ ಲೆಕ್ಕವೇ ಹೆಚ್ಚು, ಗೇಣಿ ಸಲ್ಲುವುದು ಧಾನ್ಯದಲ್ಲಿ ಅಥವಾ ಬಿಟ್ಟಿ ದುಡಿಮೆಯಲ್ಲಿ, ಟಂಕಸಾಲೆಗೆ ಬೀಗ. ಹದಿನೈದನೆಯ ಶತಮಾನದ ಯುರೋಪ್ ಇಂಥ ಬರವನ್ನು ನಿಜವಾಗಿಯೂ ಕಂಡಿತ್ತು. ಆಮೇಲೆ ಚಿನ್ನ ಒಮ್ಮೆಲೇ ಹೊರಬಿದ್ದರೆ ಬೆಲೆಗಳು ಏರುತ್ತವೆ, ಏಕೆಂದರೆ ನಾಣ್ಯ ಹೆಚ್ಚಾದ ಮಾತ್ರಕ್ಕೆ ಕಣಜದ ಕಾಳು ಹೆಚ್ಚುವುದಿಲ್ಲ. ಆದರೆ ಇದನ್ನು ಪ್ರಳಯವೆಂದು ಚಿತ್ರಿಸುವ ಅಗತ್ಯವಿಲ್ಲ. ಮಾಲಿಯ ದೊರೆ ಮಾನ್ಸಾ ಮೂಸಾ 1324ರಲ್ಲಿ ಕೈರೋದಲ್ಲಿ ಚಿನ್ನ ಚೆಲ್ಲಿ ಇಡೀ ಆರ್ಥಿಕತೆಯನ್ನೇ ಹಾಳುಮಾಡಿದನೆಂದು ಎಲ್ಲರೂ ಬರೆಯುತ್ತಾರೆ. ಸುಮಾರು ಹನ್ನೆರಡು ವರ್ಷಗಳ ನಂತರದ ಸ್ಥಿತಿಯನ್ನು ದಾಖಲಿಸಿದ ಅರಬ್ ಇತಿಹಾಸಕಾರ ಅಲ್ ಉಮರಿ ಹೇಳುವುದು, 25 ಬೆಳ್ಳಿಯ ದಿರ್ಹಮ್‌ಗಿಂತ ಕೆಳಗಿಳಿಯದಿದ್ದ ಒಂದು ಮಿಸ್ಕಾಲ್ (ಆಗಿನ ಒಂದು ತೂಕ) ಚಿನ್ನ 22 ಅಥವಾ ಅದಕ್ಕಿಂತ ಕಡಿಮೆಗೆ ಇಳಿಯಿತೆಂದು ಮಾತ್ರ. ಪೆಟ್ಟು ನಿಜ, ಆದರೆ ಕೈರೋ ಮುಳುಗಲಿಲ್ಲ.

ಉತ್ತರ 3

ಮಂತ್ರವಿದ್ಯೆ ಲೆಕ್ಕವನ್ನು ಅಳಿಸುವುದಿಲ್ಲ, ಒಡೆತನದ ಪ್ರಶ್ನೆಯನ್ನು ಎತ್ತುತ್ತದೆ. ನೀರಿನ ಗಿರಣಿಯನ್ನೇ ನೋಡಿ. ಕೈಬೀಸುವ ಕಲ್ಲಿನ ಮುಂದೆ ಅದೂ ಒಂದು ಮಂತ್ರವೇ, ಆದರೂ ಅನೇಕ ಕಡೆ ಒಕ್ಕಲಿಗರು ಒಡೆಯನ ಗಿರಣಿಯಲ್ಲೇ ಹಿಟ್ಟು ಮಾಡಿಸಿ ಅದಕ್ಕೊಂದು ಪಾಲು ತೆರಬೇಕಿತ್ತು. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಮಠದ ಮಠಾಧಿಪತಿ ಊರವರ ಬೀಸುವ ಕಲ್ಲುಗಳನ್ನು ಕಿತ್ತುಕೊಂಡು ಮಠದ ನೆಲಕ್ಕೆ ಹಾಸಿಸಿದ. 1381ರ ದಂಗೆಯಲ್ಲಿ ಜನ ನುಗ್ಗಿ ಆ ನೆಲವನ್ನೇ ಕಿತ್ತರು. ನಿಮ್ಮ ಮಂತ್ರವಾದಿ ಬೆಳೆಯನ್ನು ನಾಲ್ಕರಿಂದ ಆರಕ್ಕೆ ಏರಿಸಬಲ್ಲನಾದರೆ ಬೀಜ ಕಳೆದು ಉಳಿಯುವುದು ಮೂರಲ್ಲ, ಐದು. ಆ ಹೆಚ್ಚುವರಿ ಎರಡು ಮೂಟೆ ಯಾರ ಕಣಜಕ್ಕೆ ಹೋಗುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ. ಬೆಂಕಿಯುಂಡೆ ಎಸೆಯುವವನಿಗಿಂತ ನೂಲು ತೆಗೆಯುವ ಮಂತ್ರ ಬಲ್ಲವನು ರಾಜ್ಯವನ್ನು ಹೆಚ್ಚು ಬದಲಿಸುತ್ತಾನೆ, ಏಕೆಂದರೆ ಒಬ್ಬ ನೇಕಾರನ ಮಗ್ಗಕ್ಕೆ ಬೇಕಾದ ನೂಲನ್ನು ಒದಗಿಸಲು ಹಲವು ಹೆಂಗಸರು ದಿನವಿಡೀ ನೂಲಬೇಕಿತ್ತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ರಾಜಧಾನಿಯನ್ನು ನದಿಯ ದಡಕ್ಕೆ ಇಳಿಸಿದ್ದೇನೆ. ರಾಜ ಚಿನ್ನವನ್ನು ಪ್ರಜೆಗಳಿಗೆ ಹಂಚುವ ಬದಲು ಸೈನಿಕರ ಬಾಕಿ ಸಂಬಳಕ್ಕೆ ಬಳಸಿದರೆ ಪರಿಣಾಮ ಬೇರೆಯಾಗುತ್ತದೆಯೇ?

ಉತ್ತರ 2 ಬರೆದವರು

ಆಗುತ್ತದೆ. ನಾಣ್ಯ ಮೊದಲು ಕೈಸೇರಿದವರು ಹಳೆಯ ಬೆಲೆಯಲ್ಲೇ ಕೊಳ್ಳುತ್ತಾರೆ: ಸೈನಿಕರು, ಅವರ ಹಿಂದೆ ಕಮ್ಮಾರರು ಮತ್ತು ಕುದುರೆ ವ್ಯಾಪಾರಿಗಳು. ದೂರದ ಹಳ್ಳಿಗೆ ಆ ನಾಣ್ಯ ತಲುಪುವ ಹೊತ್ತಿಗೆ ಉಪ್ಪು, ಕಬ್ಬಿಣಗಳ ಬೆಲೆ ಏರಿರುತ್ತದೆ. ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವರು, ಅಜ್ಜನ ಕಾಲದಲ್ಲೇ ಗೇಣಿಯನ್ನು ಇಷ್ಟು ನಾಣ್ಯವೆಂದು ಬರೆದುಕೊಟ್ಟು ಈಗ ಏರಿಸಲಾಗದೆ ಕುಳಿತ ಸಾಮಂತರು. ಎರಡನೆಯ ಸಂಪುಟದಲ್ಲಿ ಅವರು ರಾಜನ ಮೇಲೆ ತಿರುಗಿಬೀಳಲು ನೀವು ಬೇರೆ ಕಾರಣ ಹುಡುಕಬೇಕಿಲ್ಲ.